ಹಳೆಯ ದೊಡ್ಡ ಕಾರ್ಡುಗಳ ಅಂಚಿಗೆ ಕತ್ತರಿ ತಾಗದಿರಲಿ

ಮಾನ್ಯ ಸಂಪಾದಕರೇ,

ಆಟಗಾರರ ಚಿತ್ರ ಅಚ್ಚುಹಾಕಿದ ಹಳೆಯ ಬೇಸ್‌ಬಾಲ್ ಕಾರ್ಡುಗಳಿಗೆ ಅಮೆರಿಕದ ಹರಾಜುಗಳಲ್ಲಿ ಬರುತ್ತಿರುವ ಬೆಲೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಬರಹವನ್ನು ಎರಡು ಸಲ ಓದಿದೆ. ಅದು ಅಚ್ಚಾದ ವಾರದೊಳಗೆ ನಮ್ಮ ಪಿ.ಜೆ. ಬಡಾವಣೆಯ ಇಬ್ಬರು ಪರಿಚಿತರು, ಮಕ್ಕಳೋ ನೆಂಟರೋ ಎಂದೋ ಅಮೆರಿಕದಿಂದ ತಂದು ಅಟ್ಟದ ಮೇಲೆ ಹಾಕಿದ್ದ ಕಾರ್ಡುಗಳನ್ನು ಕೆಳಗಿಳಿಸಿ, ಇವಕ್ಕೆ ಎಷ್ಟು ಬೆಲೆ ಬಂದೀತು ನೋಡಿ ಎಂದು ನನ್ನ ಮನೆಗೆ ತಂದರು. ಇಬ್ಬರೂ ತರುವ ಮುನ್ನವೇ ಕಾರ್ಡುಗಳನ್ನು ಚೊಕ್ಕಟ ಮಾಡಿಬಿಟ್ಟಿದ್ದರು. ಒಬ್ಬರು ಮಾಸಿದ ಅಂಚುಗಳನ್ನು ಅಡಿಗೋಲಿಟ್ಟು ಬ್ಲೇಡಿನಿಂದ ಸವರಿದ್ದರು. ಇನ್ನೊಬ್ಬರು ಆಲ್ಬಮ್ಮಿನ ಜೇಬಿಗೆ ಹಿಡಿಸುತ್ತಿಲ್ಲವೆಂದು ಕಾರ್ಡುಗಳ ಕೆಳಭಾಗವನ್ನೇ ಕತ್ತರಿಸಿದ್ದರು. ಬೆಲೆಯ ಮಾತು ಅಲ್ಲಿಗೇ ಮುಗಿಯಿತು. ಇಂಥದ್ದು ಮೂರನೆಯ ಮನೆಯಲ್ಲಿ ಆಗದಿರಲೆಂದು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ಬರಹದಲ್ಲಿ ಬಂದ ಆ ದೊಡ್ಡ ಮೊತ್ತ ನಿಜವಾದದ್ದೇ. ಟಾಪ್ಸ್ ಕಂಪನಿ 1952ರಲ್ಲಿ ಹೊರತಂದ 407 ಕಾರ್ಡುಗಳ ಪೈಕಿ 311ನೆಯದಾದ ಮಿಕಿ ಮ್ಯಾಂಟಲ್ ಅವರ ಕಾರ್ಡು 2022ರ ಆಗಸ್ಟಿನಲ್ಲಿ ಹೆರಿಟೇಜ್ ಹರಾಜಿನಲ್ಲಿ 1.26 ಕೋಟಿ ಡಾಲರಿಗೆ, ಅಂದಿನ ದರದಲ್ಲಿ ಸುಮಾರು 100 ಕೋಟಿ ರೂಪಾಯಿಗೆ ಹೋಯಿತು. ಆದರೆ ಸ್ಥಿತಿ ಪರೀಕ್ಷಿಸುವವರಿಂದ ಹತ್ತಕ್ಕೆ ಒಂಬತ್ತೂವರೆ ಅಂಕ ಪಡೆದ ಕಾರ್ಡು ಅದು ಎಂಬುದನ್ನು ಓದುಗರಿಗೆ ಒತ್ತಿ ಹೇಳಬೇಕಿತ್ತು. ಅದೇ ವರ್ಷದ, ಅದೇ ಆಟಗಾರನ, ಅದೇ ಸಂಖ್ಯೆಯ ಕಾರ್ಡು ಮಡಿಕೆ ಬಿದ್ದು, ಮೂಲೆ ಮೊಂಡಾಗಿ ಬಂದರೆ ಅದರ ಬೆಲೆ ಹತ್ತಾರು ಸಾವಿರ ಡಾಲರುಗಳ ಮಟ್ಟಕ್ಕೆ ಇಳಿಯುತ್ತದೆ. ಆ ಸರಣಿಯ ಕೊನೆಯ ಸಂಖ್ಯೆಗಳ ಕಾರ್ಡುಗಳು ಮಾರಾಟವಾಗದೆ ಗೋದಾಮಿನಲ್ಲಿ ಉಳಿದು, ಅವನ್ನು ರೂಪಿಸಿದ ಸೈ ಬರ್ಗರ್ ಅವರೇ 1960ರಲ್ಲಿ ಅವುಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಸಿದರು. ವಸ್ತು ಅಪರೂಪವಾದದ್ದು ಹಾಗೆ. ಅಪರೂಪದ ಆ ವಸ್ತು ಹೊಸದರಂತೆಯೇ ಉಳಿದದ್ದು ಇನ್ನೂ ಅಪರೂಪ. ಎರಡೂ ಸೇರಿದಾಗ ಮಾತ್ರ ಕೋಟಿಯ ಮಾತು ಬರುತ್ತದೆ.

ಅಳತೆಯ ವಿಷಯವನ್ನು ತಮ್ಮ ಬರಹ ಮುಟ್ಟಿರಲಿಲ್ಲ. ಇಂದು ಎಲ್ಲರೂ ಕಾರ್ಡಿನ ಸಹಜ ಗಾತ್ರವೆಂದು ಭಾವಿಸಿರುವ ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಎತ್ತರದ ಅಳತೆಗೆ ಟಾಪ್ಸ್ ಬಂದದ್ದು 1957ರಲ್ಲಿ. 1952ರಿಂದ 1956ರವರೆಗಿನ ಅದರ ಕಾರ್ಡುಗಳು ಇದಕ್ಕಿಂತ ತುಸು ದೊಡ್ಡವು: 67 ಮಿಲಿಮೀಟರ್ ಅಗಲ, 95 ಮಿಲಿಮೀಟರ್ ಎತ್ತರ. ಅಂದರೆ ಮಿಕಿ ಮ್ಯಾಂಟಲ್ ಅವರ ಆ ಕಾರ್ಡನ್ನೇ ಯಾರಾದರೂ ಇಂದಿನ ಪ್ಲಾಸ್ಟಿಕ್ ಜೇಬಿಗೆ ಹೊಂದಲೆಂದು ಸುತ್ತಲೂ ಸವರಿದ್ದರೆ ಅದಕ್ಕೆ ಆ ಬೆಲೆ ಬರುತ್ತಲೇ ಇರಲಿಲ್ಲ.

ಇನ್ನು ನಿಜವಾಗಿಯೂ ದೊಡ್ಡ ಕಾರ್ಡುಗಳ ಲೋಕವೇ ಬೇರೆ. 1911ರ ಸುಮಾರಿಗೆ ಟರ್ಕಿ ರೆಡ್ ಸಿಗರೇಟಿನ ಪೊಟ್ಟಣದಲ್ಲಿ ಬರುತ್ತಿದ್ದ ಕೂಪನ್ನುಗಳನ್ನು ಕೂಡಿಸಿ ಕಳಿಸಿದವರಿಗೆ ಕಂಪನಿಯವರು ಬಣ್ಣದ ಶಿಲಾಮುದ್ರಣದ ಚಿತ್ರಗಳನ್ನು ಕೊಡುತ್ತಿದ್ದರು. ಐದೂಮುಕ್ಕಾಲು ಅಂಗುಲ ಅಗಲ, ಎಂಟು ಅಂಗುಲ ಎತ್ತರ. ನೂರು ಮಂದಿ ಬೇಸ್‌ಬಾಲ್ ಆಟಗಾರರು, ಇಪ್ಪತ್ತಾರು ಮಂದಿ ಮುಷ್ಟಿಮಲ್ಲರು. ಪೊಟ್ಟಣದೊಳಗೆ ಹಿಡಿಸದಷ್ಟು ದೊಡ್ಡದಾದ್ದರಿಂದಲೇ ಅವು ಕೈಗೆ ಬರಲು ಆ ದಾರಿ. ನಮ್ಮ ಹಿರಿಯರ ಮನೆಗಳಲ್ಲಿ ದೇವರ ಚಿತ್ರಗಳಿಗೆ ಕಟ್ಟು ಹಾಕಿಸುತ್ತಿದ್ದಂತೆ ಅಲ್ಲಿಯವರೂ ಅವಕ್ಕೆ ಕಟ್ಟು ಹಾಕಿಸಿದರು, ಇಲ್ಲವೇ ನೇರವಾಗಿ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರು. ಹಾಗಾಗಿ ಮೊಳೆಯ ತೂತಿಲ್ಲದ, ನಾಲ್ಕೂ ಮೂಲೆ ನೆಟ್ಟಗಿರುವ ಟರ್ಕಿ ರೆಡ್ ಕಾರ್ಡು ಸಿಕ್ಕರೆ ಸಂಗ್ರಾಹಕರು ಕಣ್ಣಿಗೊತ್ತಿಕೊಳ್ಳುತ್ತಾರೆ. ಷಿಕಾಗೋದ ಎಗ್ಸಿಬಿಟ್ ಸಪ್ಲೈ ಕಂಪನಿ 1920ರ ದಶಕದಿಂದ 1960ರ ದಶಕದವರೆಗೆ ಒಂದು ಸೆಂಟಿನ ನಾಣ್ಯದ ಯಂತ್ರಗಳ ಮೂಲಕ ಮಾರಿದ ಕಾರ್ಡುಗಳು ಹೆಚ್ಚುಕಡಿಮೆ ನಮ್ಮ ಅಂಚೆ ಕಾರ್ಡಿನಷ್ಟಿದ್ದವು, ಬಹುಪಾಲಿನ ಬೆನ್ನು ಖಾಲಿ. ಆಮೇಲೆ 1964ರಲ್ಲಿ ಟಾಪ್ಸ್ 'ಜೈಂಟ್ಸ್' ಎಂಬ ಹೆಸರಿನಲ್ಲಿ 60 ಕಾರ್ಡುಗಳನ್ನು, 1970ರಲ್ಲಿ 'ಸೂಪರ್' ಹೆಸರಿನಲ್ಲಿ ದಪ್ಪ ರಟ್ಟಿನ, ಮೂಲೆ ದುಂಡಾಗಿಸಿದ 42 ಕಾರ್ಡುಗಳನ್ನು ತಂದಿತು. ಎರಡರ ಅಳತೆಯೂ ಒಂದೇ: 79 ಮಿಲಿಮೀಟರ್ ಅಗಲ, 133 ಮಿಲಿಮೀಟರ್ ಎತ್ತರ.

ಈ 1964ರ ಕಾರ್ಡುಗಳ ಬಗ್ಗೆ ಮಾತಾಡುವಾಗ ನನಗೆ ನನ್ನ ಅಣ್ಣನ ನೆನಪು ಬರುತ್ತದೆ. ಇಂಜಿನಿಯರಿಂಗ್ ಓದಲು 1963ರಲ್ಲಿ ಮಿಷಿಗನ್ನಿಗೆ ಹೋದ ಅವನು ಅಲ್ಲೇ ಉಳಿದ. ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲದೆ ದಾವಣಗೆರೆಯಿಂದ ಹೋದವನು ಡೆಟ್ರಾಯಿಟ್ ತಂಡದ ಆಲ್ ಕೇಲೈನ್ ಅವರ ಆಟಕ್ಕೆ ಮನಸೋತು, ಆ ತಂಡ 1968ರಲ್ಲಿ ಬೇಸ್‌ಬಾಲಿನ ವಾರ್ಷಿಕ ಅಂತಿಮ ಪಂದ್ಯಮಾಲೆಯಾದ ವರ್ಲ್ಡ್ ಸೀರೀಸ್ ಗೆದ್ದಾಗ ಆ ಸಂಭ್ರಮವನ್ನು ನಾಲ್ಕು ಪುಟದ ಕಾಗದದಲ್ಲಿ ನಮ್ಮ ತಂದೆಗೆ ಬರೆದಿದ್ದ. ಅವನು ತೀರಿಕೊಂಡ ಮೇಲೆ ಬಂದ ಪೆಟ್ಟಿಗೆಯಲ್ಲಿ ಜೈಂಟ್ಸ್ ಸರಣಿಯ 41 ಕಾರ್ಡುಗಳಿದ್ದವು. ಆ ಕಾರ್ಡುಗಳ ಬೆನ್ನಿನ ಮೇಲೆ ಆಟಗಾರನ ಸಾಧನೆಯನ್ನು ದಿನಪತ್ರಿಕೆಯ ಸುದ್ದಿಯಂತೆ, ದಪ್ಪ ತಲೆಬರಹ ಕೊಟ್ಟು ಅಚ್ಚುಹಾಕಿರುತ್ತಾರೆ. ಅಣ್ಣ ಕೆಲವು ಕಾರ್ಡುಗಳಲ್ಲಿ ಆ ಸುದ್ದಿಯ ಪಕ್ಕ ಪೆನ್ಸಿಲಿನಿಂದ ಸಣ್ಣ ಕನ್ನಡ ಅಕ್ಷರಗಳಲ್ಲಿ ತಾನು ಮೈದಾನಕ್ಕೆ ಹೋಗಿ ಆಟ ನೋಡಿದ ದಿನಾಂಕವನ್ನು ಬರೆದಿದ್ದ. ಬೆಲೆ ಕಟ್ಟುವವರ ಲೆಕ್ಕದಲ್ಲಿ ಆ ಪೆನ್ಸಿಲ್ ಗುರುತು ಒಂದು ದೋಷ. ನನ್ನ ಲೆಕ್ಕದಲ್ಲಿ ಹಾಗಲ್ಲ. ರಬ್ಬರು ತೆಗೆದುಕೊಂಡು ಅದನ್ನು ಅಳಿಸುವ ಕೈ ನಮ್ಮ ಮನೆಯಲ್ಲಿ ಹುಟ್ಟಬಾರದು.

ಆ 41ರಲ್ಲಿ ವಿಲ್ಲಿ ಮೇಸ್ ಅವರ 51ನೆಯ ಸಂಖ್ಯೆಯ ಕಾರ್ಡೂ ಇತ್ತು. ಸರಣಿಯ ಬಹುಪಾಲು ಕಾರ್ಡುಗಳು ಹೇರಳವಾಗಿ ಅಚ್ಚಾಗಿದ್ದರೆ, ಮೇಸ್ ಮತ್ತು ಸ್ಯಾಂಡಿ ಕೋಫ್ಯಾಕ್ಸ್ ಅವರದು ಸೇರಿದಂತೆ ಕೆಲವೇ ಕಾರ್ಡುಗಳು ಕಡಿಮೆ ಸಂಖ್ಯೆಯಲ್ಲಿ ಅಚ್ಚಾದವು. ಇವನ್ನು ಸಂಗ್ರಾಹಕರು ಷಾರ್ಟ್ ಪ್ರಿಂಟ್ ಎನ್ನುತ್ತಾರೆ. ಇದು ನನಗೆ ತಿಳಿಯುವ ಮುನ್ನ ನಮ್ಮ ಮನೆಯ ಹುಡುಗನೊಬ್ಬ, ಅಜ್ಜನ ಕಾಲದ ಚಿತ್ರಗಳು ಹಾಳಾಗಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ, ಎಂಟು ಕಾರ್ಡುಗಳನ್ನು ಊರಿನ ಒಂದು ಲ್ಯಾಮಿನೇಷನ್ ಅಂಗಡಿಗೆ ಒಯ್ದ. ನಾನು ಹಿಂದೆಯೇ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಇನ್ನೂ ಇತ್ತು. ಹಾಳೆಗೆ ಸಮನಾಗಿ ಕೂರಲೆಂದು ಅಂಗಡಿಯವನು ನಾಲ್ಕೂ ಕಡೆ ಬಿಳಿಯ ಅಂಚನ್ನು ಕತ್ತರಿಸಿದ್ದ. ಮೇಜಿನ ಕೆಳಗೆ ಬಿದ್ದಿದ್ದ ಬಿಳಿ ಎಳೆಗಳನ್ನು ನಾನು ಒಂದೊಂದಾಗಿ ಆರಿಸಿಕೊಂಡೆ. ಅವನಿಗೆ ಬಯ್ಯಲು ಬಾಯಿ ಬರಲಿಲ್ಲ, ಏಕೆಂದರೆ ಗುರುತಿನ ಚೀಟಿಗೂ ಅಂಕಪಟ್ಟಿಗೂ ಅವನು ದಿನವೂ ಮಾಡುವುದು ಅದನ್ನೇ, ಬೇರೆ ಹೇಳುವವರು ಅವನಿಗೆ ಯಾರೂ ಇರಲಿಲ್ಲ. ಕರಗಿ ಅಂಟಿಕೊಂಡ ಆ ಪದರವನ್ನು ಕಾಗದಕ್ಕೆ ಗಾಯವಾಗದಂತೆ ಬಿಡಿಸುವ ಉಪಾಯ ನನಗೆ ಇಂದಿನವರೆಗೂ ಸಿಕ್ಕಿಲ್ಲ.

ಅಂಚು ಸವರುವುದು ಎಷ್ಟು ದೊಡ್ಡ ತಪ್ಪು ಎಂಬುದಕ್ಕೆ ಈ ಲೋಕದ ಅತ್ಯಂತ ಪ್ರಸಿದ್ಧ ಕಾರ್ಡೇ ಸಾಕ್ಷಿ. 1909ರಿಂದ 1911ರ ನಡುವೆ ಸಿಗರೇಟಿನೊಡನೆ ಬಂದ ಹೋನಸ್ ವ್ಯಾಗ್ನರ್ ಅವರ ಕಾರ್ಡೊಂದನ್ನು ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಪಾಲುದಾರರೊಬ್ಬರ ಜೊತೆ 1991ರಲ್ಲಿ 4,51,000 ಡಾಲರಿಗೆ ಕೊಂಡರು. 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈ ಬದಲಿಸಿತು. ನೂರು ವರ್ಷ ಹಳೆಯ ಕಾರ್ಡಿಗೆ ಅಷ್ಟು ಚೂಪಾದ ಅಂಚು ಹೇಗೆ ಬಂತೆಂದು ಬಲ್ಲವರು ಪಿಸುಗುಡುತ್ತಲೇ ಇದ್ದರು. ಕೊನೆಗೆ, ಅದನ್ನು ಹಿಂದೆ ಮಾರಿದ್ದ ಹರಾಜುಗಾರ ಬಿಲ್ ಮಾಸ್ಟ್ರೋ ತಾನೇ ಅಂಚು ಕತ್ತರಿಸಿದ್ದಾಗಿ 2013ರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ. ಆ ಕಾರ್ಡಿನ ಕೀರ್ತಿ ಅದನ್ನು ಉಳಿಸಿತು. ನಮ್ಮ ನಿಮ್ಮ ಮನೆಯ ಕಾರ್ಡಿಗೆ ಅಂಥ ರಕ್ಷೆ ಇಲ್ಲ. ಪಿಎಸ್‌ಎ, ಎಸ್‌ಜಿಸಿಯಂಥ ಸಂಸ್ಥೆಗಳು ಮೂಲೆ, ಅಂಚು, ಮೇಲ್ಮೈ ಮತ್ತು ಚಿತ್ರ ನಟ್ಟನಡುವೆ ಕೂತಿದೆಯೇ ಎಂಬುದನ್ನು ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತವೆ. ಸವರಿದ ಕಾರ್ಡು ಅಸಲಿಯೇ ಆಗಿದ್ದರೂ ಅದಕ್ಕೆ ಅಂಕವಿಲ್ಲ, ಅಸಲಿ ಎಂಬ ಒಂದು ಚೀಟಿ ಮಾತ್ರ.

ಹಾಗಾದರೆ ಮನೆಯಲ್ಲಿ ಕಾರ್ಡು ಸಿಕ್ಕವರು ಮೊದಲು ಏನು ಮಾಡಬೇಕು? ಕೈ ತೊಳೆದು ಒರೆಸಿಕೊಂಡು, ಮಿಲಿಮೀಟರ್ ಗುರುತಿರುವ ಸ್ಕೇಲಿನಿಂದ ಅಗಲವನ್ನೂ ಎತ್ತರವನ್ನೂ ಎರಡೆರಡು ಕಡೆ ಅಳೆದು ಬರೆದುಕೊಳ್ಳಬೇಕು. ಅದೇ ಸರಣಿಯ ಇನ್ನೊಂದು ಕಾರ್ಡಿದ್ದರೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಮುಖವೆಲ್ಲ ಹಳದಿಗಟ್ಟಿರುವಾಗ ಒಂದು ಅಂಚು ಮಾತ್ರ ಬೆಳ್ಳಗೆ, ಚೂಪಾಗಿ ಕಂಡರೆ ಅಲ್ಲಿ ಕತ್ತರಿ ಆಡಿದೆ ಎಂದೇ ಅರ್ಥ. ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನದೆಂದು ಹೇಳುವ ಕಾರ್ಡಾದರೆ ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಬಹುದು. ಕಾಗದವನ್ನು ಬೆಳ್ಳಗೆ ಹೊಳೆಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಆಮೇಲೆ, ಆದ್ದರಿಂದ ಹಳೆಯ ಕಾಗದ ಮಂಕಾಗಿಯೇ ಉಳಿಯುತ್ತದೆ, ನಕಲಿಯದು ನೀಲಿಯಾಗಿ ಬೆಳಗುತ್ತದೆ. 1964ರ ಕಾರ್ಡಿಗೆ ಈ ಪರೀಕ್ಷೆಯನ್ನು ನಂಬಿಕೊಳ್ಳುವಂತಿಲ್ಲ.

ಬೆಲೆಯ ವಿಷಯದಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಅಂತರ್ಜಾಲದಲ್ಲಿ ಮಾರುವವರು ಕೇಳುವ ಬೆಲೆ ಬೆಲೆಯೇ ಅಲ್ಲ. ಅದೇ ದರ್ಜೆಯ ಕಾರ್ಡು ನಿಜವಾಗಿ ಎಷ್ಟಕ್ಕೆ ಹೋಗಿದೆ ಎಂಬುದೇ ಬೆಲೆ. ಮಂಡಿಪೇಟೆಯ ವರ್ತಕರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಜೈಂಟ್ಸ್ ಸರಣಿಯ ಸಾಮಾನ್ಯ ಆಟಗಾರರ ಕಾರ್ಡುಗಳು ಇಂದಿಗೂ ಕೆಲವೇ ಡಾಲರಿಗೆ ಸಿಗುತ್ತವೆ. ಅಂಥದ್ದನ್ನು ಅಂಕಕ್ಕಾಗಿ ಅಮೆರಿಕಕ್ಕೆ ಕಳಿಸಿದರೆ ಅಂಚೆ ವೆಚ್ಚ ಮತ್ತು ಶುಲ್ಕವೇ ಕಾರ್ಡಿನ ಬೆಲೆಯನ್ನು ಮೀರುತ್ತದೆ. ಹಣದ ಆಸೆ ಬಿಟ್ಟು, ಚಂದವಾಗಿವೆಯೆಂದು ಇಟ್ಟುಕೊಳ್ಳುವವರಿಗೆ ಅವು ಬಲು ಒಳ್ಳೆಯ ಸಂಗ್ರಹ. ಅಮೆರಿಕದ ಹಳೆಯ ಕಾರ್ಡುಗಳಿಗೆ ಮೊದಲ ಪಟ್ಟಿ ಮಾಡಿದ ಜೆಫರ್ಸನ್ ಬರ್ಡಿಕ್ ಅವರ ಮನಸ್ಸೂ ಅಂಥದ್ದೇ. ಸಂಧಿವಾತದಿಂದ ಕೈ ಬೆರಳು ಸೊಟ್ಟಗಾಗಿದ್ದರೂ ಮೂರು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ವರ್ಷಗಟ್ಟಲೆ ಅಲ್ಲೇ ಕೂತು ಅವನ್ನು ಆಲ್ಬಮ್ಮುಗಳಿಗೆ ಅಂಟಿಸಿ, ಕೆಲಸ ಮುಗಿದ ಸುಮಾರು ಎರಡು ತಿಂಗಳಲ್ಲಿ, 1963ರಲ್ಲಿ ತೀರಿಕೊಂಡರು. ಅಂಟು ಹಚ್ಚುವುದು ಕಾರ್ಡಿಗೆ ಒಳ್ಳೆಯದಲ್ಲ ಎಂದು ಇಂದು ನಾವು ಹೇಳುತ್ತೇವೆ.

ನಮ್ಮ ಊರಿನ ಹವೆಗೆ ತಕ್ಕಂತೆ ಇಡುವ ಕ್ರಮವೂ ಇದೆ. ಏಪ್ರಿಲ್‌ನ ಬಿಸಿಲಿಗೆ ಕಾಯುವ ಶೀಟಿನ ಮಾಡಿನ ಅಟ್ಟ ಬೇಡ, ಮಳೆಗಾಲದಲ್ಲಿ ತೇವ ಹೀರುವ ಗೋಡೆಯ ಗೂಡೂ ಬೇಡ. ಒಳಕೋಣೆಯ ಬೀರುವಿನ ನಡುವಿನ ಅರೆ ಸಾಕು. ಬಟ್ಟೆಗೆ ಇಡುವಂತೆ ಬೇವಿನ ಸೊಪ್ಪನ್ನು ಕಾರ್ಡುಗಳ ನಡುವೆ ಇಡಬೇಡಿ, ಕಲೆ ಬೀಳುತ್ತದೆ. ಪಿವಿಸಿ ಚೀಲ ಕಾಲಕ್ರಮದಲ್ಲಿ ಜಿಗುಟಾಗುತ್ತದೆ. ಪಾಲಿಪ್ರೊಪಿಲೀನ್ ಅಥವಾ ಮೈಲಾರ್ ಎಂಬ ಪ್ಲಾಸ್ಟಿಕ್ಕಿನ ಚೀಲ, ಅದೂ ಕಾರ್ಡಿಗಿಂತ ದೊಡ್ಡ ಅಳತೆಯದು ಬೇಕು. ಜೈಂಟ್ಸ್ ಕಾರ್ಡಿಗೆ ಅಂಚೆ ಕಾರ್ಡಿನ ಅಳತೆಯ ಚೀಲ ಚೆನ್ನಾಗಿ ಹೊಂದುತ್ತದೆ. ಚೀಲ ಚಿಕ್ಕದಾದರೆ ಬೇರೆ ಚೀಲ ತರೋಣ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಇನ್ನು ಮುಂದೆ ಇಂಥ ಹರಾಜಿನ ಸುದ್ದಿ ಪ್ರಕಟಿಸುವಾಗ ಬೆಲೆಯ ಪಕ್ಕದಲ್ಲೇ ಕಾರ್ಡಿನ ಅಳತೆಯನ್ನೂ ಅದು ಪಡೆದ ಅಂಕವನ್ನೂ ಕೊಡಬೇಕು, ಮತ್ತು ಕತ್ತರಿಸಬಾರದು, ಲ್ಯಾಮಿನೇಷನ್ ಮಾಡಿಸಬಾರದು ಎಂಬ ಎರಡು ಸಾಲನ್ನು ದಪ್ಪಕ್ಷರದಲ್ಲಿ ಹಾಕಬೇಕು. ಲ್ಯಾಮಿನೇಷನ್ ಅಂಗಡಿಯವರೂ ಹಳೆಯ ಚಿತ್ರ ಬಂದಾಗ ಯಂತ್ರ ಬಿಸಿ ಮಾಡುವ ಮುನ್ನ ಮನೆಯ ಹಿರಿಯರನ್ನು ಒಂದು ಮಾತು ಕೇಳಿದರೆ ದೊಡ್ಡ ಉಪಕಾರ. ಉಳಿದ 33 ಕಾರ್ಡುಗಳು ನನ್ನಲ್ಲಿ ಅಣ್ಣ ಇಟ್ಟಂತೆಯೇ ಇವೆ. ಅಳತೆ ಹೋಲಿಸಿ ನೋಡಬೇಕೆನ್ನುವವರು ಬರುವಾಗ ತಮ್ಮ ಕಾರ್ಡುಗಳನ್ನು ಇದ್ದ ಹಾಗೆಯೇ, ಧೂಳನ್ನೂ ಒರೆಸದೆ ತರಲಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗ
ಪಿ.ಜೆ. ಬಡಾವಣೆ, ದಾವಣಗೆರೆ