ನೀರು ಏಕೆ ಕುಡಿಯುವುದಿಲ್ಲವೆಂದೂ ಕೇಳಲಿ

ಮಾನ್ಯ ಸಂಪಾದಕರೇ,

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೆ, ನಿಗದಿತ ವರ್ಗದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸುವ ಹೊಣೆ ಮಾಲೀಕರ ಮೇಲೆ ಬಿದ್ದಿದೆ. ಇದು ಆಗಬೇಕಾಗಿದ್ದ ಕೆಲಸ. ಆದರೆ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಹಲವು ವರ್ಷ ನರ್ಸ್ ಆಗಿದ್ದ ನನಗೆ, ತಪಾಸಣೆಯಲ್ಲಿ ಏನನ್ನು ಕೇಳುತ್ತಾರೆ, ಸಿಕ್ಕ ಉತ್ತರವನ್ನು ಏನು ಮಾಡುತ್ತಾರೆ ಎಂಬ ಆತಂಕ ಇದ್ದೇ ಇದೆ.

ನಮ್ಮಲ್ಲಿ ಪ್ರತಿ ವರ್ಷ ಶಿಬಿರ ನಡೆಯುತ್ತಿತ್ತು. ತೂಕ, ಬಿಪಿ, ಸಕ್ಕರೆ, ಹಿಮೋಗ್ಲೋಬಿನ್ ನೋಡಿದ ಬಳಿಕ ಒಂದು ಫಾರಂ ತುಂಬಿಸುತ್ತಿದ್ದೆವು. ‘ದಿನಕ್ಕೆ ಎಷ್ಟು ಲೋಟ ನೀರು ಕುಡಿಯುತ್ತೀರಿ?’ ಎಂಬುದು ಅದರಲ್ಲೊಂದು ಪ್ರಶ್ನೆ. ಎರಡು ಲೋಟ ಎಂದವರಿಗೆಲ್ಲ ನಾನು ಹೆಚ್ಚು ನೀರು ಕುಡಿಯಿರಿ ಎಂದು ಬುದ್ಧಿ ಹೇಳುತ್ತಿದ್ದೆ. ಉರಿಮೂತ್ರವೆಂದು ಮತ್ತೆ ಮತ್ತೆ ಬರುತ್ತಿದ್ದ ಹೆಣ್ಣುಮಗಳೊಬ್ಬಳು ಒಂದು ದಿನ, ‘ನೀರು ಕುಡಿದ್ರೆ ಎದ್ದು ಹೋಗ್ಬೇಕಲ್ಲ ಸಿಸ್ಟರ್, ಬರೋಷ್ಟರಲ್ಲಿ ಪೀಸ್ ರಾಶಿ ಬಿದ್ದಿರುತ್ತೆ, ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈತಾರೆ’ ಎಂದಳು. ಇಪ್ಪತ್ತೈದು ಮಹಿಳೆಯರಿಗೆ ಒಂದು ಶೌಚಾಲಯ ಎಂಬ ಹಳೆಯ ನಿಯಮದ ಲೆಕ್ಕ ನಮ್ಮಲ್ಲಿ ಸರಿಯಾಗಿಯೇ ಇತ್ತು. ಇಲ್ಲದಿದ್ದುದು ಯಂತ್ರ ಬಿಟ್ಟು ಏಳುವ ಐದು ನಿಮಿಷದ ಬಿಡುವು. ಆ ಮಾತನ್ನು ಬರೆಯಲು ಫಾರಂನಲ್ಲಿ ಜಾಗವಿರಲಿಲ್ಲ. ನಾನೂ ಎರಡು ಲೋಟ ಎಂದಷ್ಟೇ ಬರೆದೆ. ಆ ಸಂಕಟ ಇಂದಿಗೂ ಹೋಗಿಲ್ಲ.

ಕೆಲಸದ ರೀತಿಯನ್ನು ಹಾಗೆಯೇ ಬಿಟ್ಟು ಕೆಲಸಗಾರರ ಅಭ್ಯಾಸಗಳನ್ನಷ್ಟೇ ತಿದ್ದಲು ಹೋದರೆ ಹೆಚ್ಚೇನೂ ದಕ್ಕುವುದಿಲ್ಲ ಎಂಬ ನನ್ನ ಅನುಮಾನಕ್ಕೆ ಅಮೆರಿಕದ ಅಧ್ಯಯನವೊಂದು ಬಲ ಕೊಟ್ಟಿತು. ಅಲ್ಲಿನ ದೊಡ್ಡ ಮಾರಾಟ ಸಂಸ್ಥೆಯೊಂದರ ಸುಮಾರು 33,000 ನೌಕರರನ್ನು ಒಳಗೊಂಡು 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಆಹಾರ, ವ್ಯಾಯಾಮದಂಥ ಅಭ್ಯಾಸಗಳನ್ನು ನೌಕರರಿಗೆ ಕಲಿಸುವ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿ ಹದಿನೆಂಟು ತಿಂಗಳಾದರೂ, ವ್ಯಾಯಾಮ ಮಾಡುತ್ತೇವೆ ಎನ್ನುವವರ ಸಂಖ್ಯೆ ಹೆಚ್ಚಿತೇ ಹೊರತು ರಕ್ತದೊತ್ತಡ, ಕೊಲೆಸ್ಟರಾಲ್, ಚಿಕಿತ್ಸಾ ವೆಚ್ಚ, ಗೈರುಹಾಜರಿಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಇನ್ನೊಂದು ಸಂಗತಿ ವರದಿಯ ಗೋಪ್ಯತೆಯದು. ಒಂದು ವರ್ಷ ಹಿಮೋಗ್ಲೋಬಿನ್ ಪಟ್ಟಿ ಹೆಸರು ಸಮೇತ ಸೂಪರ್‌ವೈಸರ್ ಮೇಜಿಗೆ ಹೋಯಿತು. ರಕ್ತ ಕಡಿಮೆ ಇದೆಯೆಂದು ಕೆಲವರಿಗೆ ಓವರ್‌ಟೈಮ್ ತಪ್ಪಿತು. ಮಕ್ಕಳ ಶಾಲೆಯ ಫೀಸಿಗೆ ಆ ಹಣವನ್ನೇ ನಂಬಿದ್ದವರು ಮರುವರ್ಷ ಶಿಬಿರದತ್ತ ತಲೆಹಾಕಲಿಲ್ಲ.

ಆದ್ದರಿಂದ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು: ತಪಾಸಣೆಯ ವರದಿ ಮುಚ್ಚಿದ ಲಕೋಟೆಯಲ್ಲಿ ಕಾರ್ಮಿಕರ ಕೈಗೇ ಸೇರಲಿ, ಆಡಳಿತ ಮಂಡಳಿಗೆ ಹೆಸರಿಲ್ಲದ ಒಟ್ಟು ಅಂಕಿ ಅಂಶ ಸಾಕು. ಎದ್ದು ಹೋದವರ ಯಂತ್ರದಲ್ಲಿ ಕೂರಲು ಪ್ರತಿ ಲೈನಿಗೆ ಒಬ್ಬ ಬದಲಿ ಟೈಲರ್ ಇರುವಂತೆ ಸೂಚಿಸಲಿ. ಹಾಗೆಯೇ ಫಾರಂನಲ್ಲಿ ನೀರಿನ ಪ್ರಶ್ನೆಯ ಕೆಳಗೆ, ಪಾಳಿಯಲ್ಲಿ ಎಷ್ಟು ಸಲ ಶೌಚಾಲಯಕ್ಕೆ ಹೋಗುತ್ತೀರಿ, ಹೋಗಲು ಯಾರ ಅನುಮತಿ ಕೇಳಬೇಕು ಎಂಬ ಎರಡು ಪ್ರಶ್ನೆಗಳನ್ನು ಸೇರಿಸಲಿ.

– ನಿವೃತ್ತ ನರ್ಸ್, ಬೆಂಗಳೂರು