ಜ್ವರ ಬಿಟ್ಟ ದಿನ

ಪ್ರೀತಿಯ ಗೆಳೆಯನಿಗೆ,

ನಿನ್ನ ಪತ್ರ ತಲುಪಿತು. ಲಾವೋಸಿಗೆ ಟಿಕೆಟ್ ಮಾಡಿಸಿರುವುದಾಗಿಯೂ, ಲುವಾಂಗ್ ಪ್ರಬಾಂಗಿನಿಂದ ನಾನು ಹೋದ ದಾರಿಯಲ್ಲೇ ದಕ್ಷಿಣಕ್ಕೆ ಇಳಿಯುವುದಾಗಿಯೂ ಬರೆದಿದ್ದೀಯ, ಸಂತೋಷವಾಯಿತು. ಆದರೆ ಕೊನೆಯಲ್ಲಿ ನೀನು ಸೇರಿಸಿರುವ ಒಂದು ಸಾಲು, "ನನಗೆ ಡೆಂಗಿ ಒಂದು ಸಲ ಬಂದು ಹೋಗಿದೆ, ಇನ್ನು ಹೆದರಿಕೆಯಿಲ್ಲ" ಎಂಬುದು, ಎರಡು ದಿನಗಳಿಂದ ನನ್ನನ್ನು ಕಾಡುತ್ತಿದೆ. ನಾನು ಥಾಯ್ಲೆಂಡಿನ ಉಡೋನ್ ಥಾನಿಯ ಆಸ್ಪತ್ರೆಯಲ್ಲಿ ಮಲಗಿದ್ದ ಸಂಗತಿಯನ್ನು ನಿನಗೆ ಫೋನಿನಲ್ಲಿ ತಮಾಷೆಯ ಕಥೆಯಂತೆ ಹೇಳಿಬಿಟ್ಟಿದ್ದೆ. ತಪ್ಪು ನನ್ನದೇ, ಆದ್ದರಿಂದ ಈಗ ಕೂತು ಸರಿಯಾಗಿ ಬರೆಯುತ್ತಿದ್ದೇನೆ. ಆ ದಾರಿ ಹಿಡಿಯುವ ಬೇರೆಯವರಿಗೂ ಉಪಯೋಗವಾದೀತೆಂದು ನಿನ್ನ ಹೆಸರು ಬಿಟ್ಟು ಎಲ್ಲರಿಗೂ ಕಾಣುವಂತೆ ಇಡುತ್ತಿದ್ದೇನೆ, ಬೇಸರಿಸಬೇಡ.

ಕುವಾಂಗ್ ಸಿ ಜಲಪಾತ ನೋಡಿ ಬಂದ ಮರುದಿನ ಮಧ್ಯಾಹ್ನ ಚಳಿ ಹಿಡಿದು ಜ್ವರ ಏರಿತು. ಸಂಜೆಯೊಳಗೆ 103 ಡಿಗ್ರಿ. ಕಣ್ಣುಗುಡ್ಡೆಯನ್ನು ಆಚೀಚೆ ಹೊರಳಿಸಿದರೆ ಒಳಗಿನಿಂದ ಹೆಬ್ಬೆರಳಿಟ್ಟು ಒತ್ತಿದಂತಹ ನೋವು, ಮೈಕೈಯೆಲ್ಲ ಒನಕೆಯಿಂದ ಕುಟ್ಟಿದಂತೆ. ಮಳೆಗಾಲವೆಂದು ನಾನು ಪ್ರತಿ ರಾತ್ರಿ ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಯೇ ಮಲಗುತ್ತಿದ್ದೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಕತ್ತಲಾಗುವ ಮುಂಚೆ, ಎಂಬುದು ಗೊತ್ತಿದ್ದೂ ಸಂಜೆಗಳನ್ನೆಲ್ಲ ಚಡ್ಡಿ ತೊಟ್ಟು ಮೆಕಾಂಗ್ ದಂಡೆಯಲ್ಲಿ ಕೂತು ಕಳೆದಿದ್ದೆ. ಕಚ್ಚಿದ್ದು ಅಲ್ಲಿಯೇ ಎಂದೂ ಹೇಳುವಂತಿಲ್ಲ. ಕಚ್ಚಿ ನಾಲ್ಕರಿಂದ ಹತ್ತು ದಿನಗಳ ಮೇಲೆ ಜ್ವರ ಕಾಣಿಸುವುದರಿಂದ ಅದು ಹಿಂದಿನ ಊರಿನ ಸೊಳ್ಳೆಯೂ ಆಗಿರಬಹುದು.

ಜ್ವರದಲ್ಲೇ ವಿಯೆಂಟಿಯಾನಿಗೆ ರೈಲು ಹತ್ತಿದೆ. 2021ರ ಡಿಸೆಂಬರಿನಲ್ಲಿ ಶುರುವಾದ ಆ ಲಾವೋಸ್–ಚೀನಾ ರೈಲು ಎರಡು ಗಂಟೆಯ ಆಸುಪಾಸಿನಲ್ಲಿ ರಾಜಧಾನಿ ಮುಟ್ಟಿಸುತ್ತದೆ. ಕಿಟಕಿಯ ಆಚೆಗಿನ ಬೆಟ್ಟಗಳು ಬಹಳ ಚೆಂದವಂತೆ. ನಾನು ನೋಡಿದ್ದು ಮುಂದಿನ ಸೀಟಿನ ಬೆನ್ನನ್ನು ಮಾತ್ರ.

ವಿಯೆಂಟಿಯಾನಿನ ಒಂದು ಸಣ್ಣ ಗೆಸ್ಟ್‌ಹೌಸಿನಲ್ಲಿ ಮೂರು ದಿನ ಬಿದ್ದುಕೊಂಡೆ. ಅಲ್ಲಿ ಮಾಡಿದ ದೊಡ್ಡ ಮೂರ್ಖತನವೆಂದರೆ, ಮೈಕೈ ನೋವಿಗೆಂದು ಮನೆಯಿಂದಲೇ ಕಟ್ಟಿಕೊಂಡು ಹೋಗಿದ್ದ ಐಬುಪ್ರೊಫೆನ್ ಮಾತ್ರೆಗಳನ್ನು ಹೊತ್ತುಹೊತ್ತಿಗೆ ನುಂಗಿದ್ದು. ಡೆಂಗಿಯ ಸಂಶಯವಿದ್ದಾಗ ಅದನ್ನೂ ಆಸ್ಪಿರಿನ್ನನ್ನೂ ಮುಟ್ಟಬಾರದು, ರಕ್ತಸ್ರಾವದ ಅಪಾಯವನ್ನು ಅವು ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಒಂದೇ ಗತಿ. ಆ ಮೂರು ದಿನವೂ ಅಮ್ಮನಿಗೆ ಫೋನಿನಲ್ಲಿ "ಚೆನ್ನಾಗಿದ್ದೇನೆ, ಬಿಸಿಲು ಜಾಸ್ತಿ" ಎಂದು ಹೇಳುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಎದ್ದಾಗ ಮೈ ಬೆವತು ತಣ್ಣಗಾಗಿತ್ತು, ಜ್ವರ ಬಿಟ್ಟಿತ್ತು. ಗೆದ್ದೆ ಎಂದುಕೊಂಡು ಸ್ನಾನ ಮಾಡಿ, ಬ್ಯಾಗು ತುಂಬಿ, ದಕ್ಷಿಣದ ಪಾಕ್ಸೆ ಊರಿಗೆ ಹೋಗುವ ರಾತ್ರಿ ಬಸ್ಸಿಗೆ ಸೀಟು ಕೇಳಲು ಕೆಳಗಿಳಿದೆ. ಮೆಟ್ಟಿಲಿಳಿಯುವಾಗ ಬಲ ಪಕ್ಕೆಯ ಕೆಳಗೆ ಹೊಟ್ಟೆ ಹಿಡಿದುಕೊಂಡಂತಾಯಿತು, ಹಿಂದೆಯೇ ಎರಡು ಸಲ ವಾಂತಿ. ಗೆಸ್ಟ್‌ಹೌಸಿನ ಒಡತಿಗೆ ಅರವತ್ತು ದಾಟಿದ ವಯಸ್ಸು. ಎಲ್ಲರೂ ಅವರನ್ನು "ಮೇ" ಎಂದು ಕರೆಯುತ್ತಾರೆ, ಅಲ್ಲಿನ ಮಾತಿನಲ್ಲಿ ಅಮ್ಮ ಎಂದರ್ಥ. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಮೊಣಕಾಲ ಕೆಳಗಿನ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿದರು. ಸಾಸಿವೆ ಕಾಳಿಗಿಂತ ಸಣ್ಣ ಕೆಂಪು ಚುಕ್ಕೆಗಳಿದ್ದವು. ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟರು, ಚುಕ್ಕೆಗಳು ಮಾಸಲಿಲ್ಲ. "ಖಾಯ್ ಲುವತ್ ಓಕ್" ಎಂದು ತಮ್ಮ ಸೋದರಳಿಯನನ್ನು ಕೂಗಿದರು. ಥಾಯ್ ಭಾಷೆಯಲ್ಲೂ ಡೆಂಗಿಗೆ ಹೆಚ್ಚುಕಡಿಮೆ ಅದೇ ಹೆಸರು: ಜ್ವರ, ರಕ್ತ, ಹೊರಗೆ ಬರುವುದು. ಬಸ್ಸಿನ ಮಾತೆತ್ತಿದಾಗ ಅವರು ನನ್ನ ಬ್ಯಾಗನ್ನು ತಾವೇ ಎತ್ತಿ ಕಾರಿನಲ್ಲಿಟ್ಟರು.

ಈ ಪತ್ರದಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡ. ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಏರಿದಾಗಿನದಲ್ಲ, ಇಳಿಯುವಾಗಿನದು. ಜ್ವರ ಬಿಡುವ ಆ ಒಂದೆರಡು ದಿನಗಳಲ್ಲಿ, ರೋಗ ತೀವ್ರವಾದವರಲ್ಲಿ, ರಕ್ತನಾಳಗಳ ಗೋಡೆಯಿಂದ ರಕ್ತದ ನೀರಿನಂಶ ಹೊರಗೆ ಸೋರುತ್ತದೆ, ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತ ಹೋಗುತ್ತದೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ನಿಶ್ಶಕ್ತಿ ಇವು ಅದರ ಮುನ್ಸೂಚನೆಗಳು. ಆ ಹೊತ್ತಿನಲ್ಲಿ ನಾನು ರಾತ್ರಿಯಿಡೀ ಓಡುವ ಬಸ್ಸಿನಲ್ಲಿ ಇರುವವನಿದ್ದೆ.

ವಿಯೆಂಟಿಯಾನಿನವರಲ್ಲಿ ಅನುಕೂಲವಿದ್ದವರು ದೊಡ್ಡ ಕಾಯಿಲೆಗೆ ಮೆಕಾಂಗ್ ನದಿ ದಾಟಿ ಥಾಯ್ಲೆಂಡಿಗೆ ಹೋಗುವುದು ರೂಢಿ. 1994ರಲ್ಲಿ ತೆರೆದ ಮೈತ್ರಿ ಸೇತುವೆಯ ಆಚೆ ನೋಂಗ್ ಖಾಯ್, ಅಲ್ಲಿಂದ ಐವತ್ತು ಕಿಲೋಮೀಟರಿನಷ್ಟು ದೂರಕ್ಕೆ ಉಡೋನ್ ಥಾನಿ. ಲಾವೋಸಿನಲ್ಲಿ ವಾಹನಗಳು ರಸ್ತೆಯ ಬಲಕ್ಕೆ, ಥಾಯ್ಲೆಂಡಿನಲ್ಲಿ ನಮ್ಮಂತೆ ಎಡಕ್ಕೆ ಓಡುತ್ತವೆ. ಗಡಿಯಲ್ಲಿ ಕಾರು ಪಕ್ಕ ಬದಲಿಸಿದಾಗ ನನಗೆ ತಲೆ ತಿರುಗುತ್ತಿದೆಯೋ ರಸ್ತೆಯೇ ತಿರುಗುತ್ತಿದೆಯೋ ತಿಳಿಯಲಿಲ್ಲ. ಮುದ್ರೆ ಹಾಕಿಸುವ ಸಾಲಿನಲ್ಲಿ ನಿಲ್ಲಲಾಗದೆ ನೆಲದ ಮೇಲೆ ಕೂತುಬಿಟ್ಟೆ.

ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡಿದ ನರ್ಸ್ ಒಂದು ಸಲ ನಂಬದೆ ಮತ್ತೆ ಪಟ್ಟಿ ಸುತ್ತಿದರು: ಮೇಲಿನ ಅಂಕಿ 98, ಕೆಳಗಿನದು 80. ಎರಡರ ನಡುವಿನ ಅಂತರ ಇಪ್ಪತ್ತಕ್ಕೆ ಇಳಿದರೆ ರಕ್ತಸಂಚಾರ ಸೋಲುತ್ತಿದೆ ಎಂದರ್ಥವಂತೆ. ಕೂಡಲೇ ಡ್ರಿಪ್ ಹಾಕಿದರು. ನನ್ನ ಪ್ಲೇಟ್ಲೆಟ್ ಮರುದಿನ 28,000ಕ್ಕೆ ಇಳಿಯಿತು. ನಮ್ಮಲ್ಲಾದರೆ ಮನೆಯವರು ಆ ಅಂಕಿಯನ್ನು ಕ್ರಿಕೆಟ್ ಸ್ಕೋರಿನಂತೆ ಊರಿಗೆಲ್ಲ ತಿಳಿಸಿ ರಕ್ತನಿಧಿಗೆ ಓಡುತ್ತಿದ್ದರು. ಅಲ್ಲಿನ ವೈದ್ಯೆ ಅದನ್ನು ನೋಡಿ ಪಕ್ಕಕ್ಕಿಟ್ಟರು. ರಕ್ತಸ್ರಾವವಿಲ್ಲದಿದ್ದರೆ ಪ್ಲೇಟ್ಲೆಟ್ ಏರಿಸುವ ಅಗತ್ಯವಿಲ್ಲ ಎಂದರು. ಅವರ ಕಣ್ಣಿದ್ದದ್ದು ನಮ್ಮ ಲ್ಯಾಬ್ ರಿಪೋರ್ಟುಗಳಲ್ಲಿ ಪಿಸಿವಿ ಎಂದು ಬರೆಯುವ, ರಕ್ತ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಹೇಳುವ ಅಂಕಿಯ ಮೇಲೆ. ಆರು ಗಂಟೆಗೊಮ್ಮೆ ಬೆರಳ ತುದಿ ಚುಚ್ಚಿ ಅದನ್ನು ನೋಡಿ, ಡ್ರಿಪ್ಪಿನ ವೇಗವನ್ನು ಹೆಚ್ಚಿಸುವುದು, ಇಳಿಸುವುದು. ನೀರು ಕಡಿಮೆಯಾದರೆ ಒಂದು ಅಪಾಯ, ಹೆಚ್ಚಾದರೆ ಸೋರಿದ್ದು ಹಿಂದಿರುಗುವಾಗ ಶ್ವಾಸಕೋಶಕ್ಕೆ ಇನ್ನೊಂದು. ಮೂತ್ರವನ್ನೂ ಅಳತೆಯ ಪಾತ್ರೆಯಲ್ಲೇ ಹಿಡಿದು ಕೊಡಬೇಕಿತ್ತು. ಪಕ್ಕದ ಹಾಸಿಗೆಯವರು ಕೊಟ್ಟ ಕಲ್ಲಂಗಡಿ ರಸವನ್ನು ನರ್ಸ್ ಕೈಯಿಂದಲೇ ಕಿತ್ತುಕೊಂಡದ್ದು ಮೊದಲು ಅರ್ಥವಾಗಲಿಲ್ಲ. ಡೆಂಗಿ ರೋಗಿಗೆ ಕೆಂಪು, ಕಂದು, ಕಪ್ಪು ಬಣ್ಣದ್ದೇನನ್ನೂ ಕೊಡುವಂತಿಲ್ಲ. ವಾಂತಿಯಾದರೆ ಅದು ರಕ್ತವೋ ಹಣ್ಣಿನ ರಸವೋ ತಿಳಿಯುವುದಿಲ್ಲವಲ್ಲ! ಮೂರು ಹೊತ್ತೂ ಶುಂಠಿಯ ಎಳೆ ಉದುರಿಸಿದ "ಚೋಕ್" ಎಂಬ ಅಕ್ಕಿ ಗಂಜಿ. ಮಿಡಿ ಉಪ್ಪಿನಕಾಯಿಯೊಂದಿದ್ದರೆ ಮನೆಯೇ.

ಈಗ ನಿನ್ನ ಸಾಲಿಗೆ ಬರುತ್ತೇನೆ. ಮೊದಲ ದಿನವೇ ವೈದ್ಯೆ ಕೇಳಿದ್ದು, ಹಿಂದೆ ಡೆಂಗಿ ಬಂದಿತ್ತೇ ಎಂದು. ಇಲ್ಲ ಎಂದೆ. ರಕ್ತ ಪರೀಕ್ಷೆ ಬೇರೆಯದನ್ನು ಹೇಳಿತು; ಇದು ಎರಡನೆಯದೇ ಇರಬೇಕು ಎಂದರು. ಆಗ ನೆನಪಾಯಿತು, ಪಿಯುಸಿಯಲ್ಲಿದ್ದಾಗ ಒಂದು ವಾರ ಜ್ವರ ಬಂದು ಅಜ್ಜಿ ಪಪ್ಪಾಯಿ ಎಲೆಯ ರಸ ಕುಡಿಸಿದ್ದು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಆ ಬಗೆಯಿಂದ ಬಹುಕಾಲ ರಕ್ಷಣೆ ಸಿಗುತ್ತದೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಅನಂತರ ಬೇರೆ ಬಗೆಯದು ಹೊಕ್ಕರೆ ಹಳೆಯ ಪ್ರತಿಕಾಯಗಳು ವೈರಸ್ಸನ್ನು ತಡೆಯುವ ಬದಲು ಜೀವಕೋಶಗಳೊಳಗೆ ಸೇರಿಸಲು ನೆರವಾಗಬಲ್ಲವು. ಎರಡನೆಯ ಸಲ ಬಂದವರಿಗೆಲ್ಲ ಹೀಗಾಗುತ್ತದೆ ಎಂದಲ್ಲ, ಬಹಳಷ್ಟು ಜನ ಸುಲಭವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆದರೆ ನೀನು ಗುರಾಣಿ ಎಂದುಕೊಂಡಿರುವುದು ಗುರಾಣಿಯಲ್ಲ.

ಹಣದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ನಾಲ್ಕು ರಾತ್ರಿಗೆ 68,000 ಬಾತ್, ಎಂದರೆ ಆಗಿನ ದರದಲ್ಲಿ ಸುಮಾರು 1,60,000 ರೂಪಾಯಿ. ಪ್ರವಾಸ ವಿಮೆಯಿತ್ತು, ಆದರೆ ಅವರ ಒಪ್ಪಿಗೆ ಬರಲು ಎರಡು ದಿನ ಹಿಡಿಯಿತು. ಅಲ್ಲಿಯವರೆಗೆ ಕಾರ್ಡಿನಿಂದ 20,000 ಬಾತ್ ಮುಂಗಡ ಕಟ್ಟಬೇಕಾಯಿತು. ದಾಖಲಾದ ದಿನವೇ ವಿಮೆಯವರಿಗೆ ಫೋನ್ ಮಾಡಿದ್ದರಿಂದ ಬಚಾವಾದೆ. ಪಾಲಿಸಿಯಲ್ಲಿ ಥಾಯ್ಲೆಂಡೂ ಸೇರಿದೆಯೇ ಎಂದು ನೋಡಿಕೊ, ಕಾರ್ಡಿನಲ್ಲಿ ಅಷ್ಟು ಹಣ ಇಟ್ಟುಕೊ.

ನಿನ್ನ ಹಳೆಯ ಡೆಂಗಿ ರಿಪೋರ್ಟು ಹುಡುಕಿ ಫೋಟೋ ತೆಗೆದು ಫೋನಿನಲ್ಲಿಡು. ವೈದ್ಯರು ಕೇಳಿದಾಗ ನನ್ನಂತೆ ಇಲ್ಲ ಎನ್ನಬೇಡ. ವಿಯೆಂಟಿಯಾನಿನಲ್ಲಿ ಮೇ ಅವರ ಗೆಸ್ಟ್‌ಹೌಸಿನಲ್ಲೇ ಇಳಿದುಕೊ, ವಿಳಾಸ ಬೇರೆ ಕಳಿಸುತ್ತೇನೆ. ಆ ದಿನದ ಅವಸರದಲ್ಲಿ ಅವರ ಮೂರು ರಾತ್ರಿಯ ಬಾಡಿಗೆ ಕೊಡದೆಯೇ ಬಂದಿದ್ದೇನೆ. ಹಣ ನಿನ್ನ ಕೈಯಲ್ಲಿ ಕಳಿಸುತ್ತೇನೆ. ಬೇಡ ಎನ್ನುತ್ತಾರೆ, ಕೊಟ್ಟೇ ಬಾ.

ಇಂತು ನಿನ್ನ,
ಗೆಳೆಯ