ರಿಪೋರ್ಟಿನಲ್ಲಿ ‘ನಾರ್ಮಲ್’ ಎಂದು ಬರೆಯುವ ಮುನ್ನ

ಚಿ|| ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು.

“ಪ್ರೋಟೀನ್ ಮಾಡೋ ಜೀನುಗಳನ್ನ ಓದಿ ಮುಗಿಸೋಕೇ ಆಗ್ತಿಲ್ಲ, ಇನ್ನು ಪ್ರೋಟೀನ್ ಮಾಡದ ಆ ಯು1, ಯು2 ಅನ್ನೋ ಪುಟ್ಟ ಆರ್‌ಎನ್‌ಎಗಳನ್ನೆಲ್ಲ ಯಾರು ನೋಡ್ತಾರೆ ದೊಡ್ಡಮ್ಮಾ” ಅಂದೆಯಲ್ಲ ಫೋನಿನಲ್ಲಿ. ಪರೀಕ್ಷೆಗೆ ಅದು ನಡೆದೀತು. ಆದರೆ ನಾಳೆ ಜೆನೆಟಿಕ್ ಕೌನ್ಸೆಲರ್ ಆಗಿ ಅಪ್ಪ ಅಮ್ಮಂದಿರ ಎದುರು ಕೂರುವವಳು ನೀನು. ಅಲ್ಲಿ ನಡೆಯುವುದಿಲ್ಲ.

ಜೀನಿನ ಮೊದಲ ಆರ್‌ಎನ್‌ಎ ಪ್ರತಿಯಿಂದ ಇಂಟ್ರಾನ್ ಎಂಬ ನಡುವಿನ ಬೇಡದ ತುಂಡುಗಳನ್ನು ತೆಗೆದು ಉಳಿದದ್ದನ್ನು ಸೇರಿಸುತ್ತಾರೆಂದು 1977ರಲ್ಲೇ ಗೊತ್ತಾಗಿತ್ತು. ಯಾರು ತೆಗೆಯುತ್ತಾರೆ ಎಂಬುದಕ್ಕೆ ಸುಳಿವು ಸಿಕ್ಕಿದ್ದು, ಮೈಯ ರಕ್ಷಣಾ ವ್ಯವಸ್ಥೆ ಮೈಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯ ರೋಗಿಗಳ ರಕ್ತದಿಂದ. ಅವರ ಆಂಟಿಬಾಡಿಗಳು ನ್ಯೂಕ್ಲಿಯಸ್ಸಿನ ಪುಟ್ಟ ಆರ್‌ಎನ್‌ಎ-ಪ್ರೋಟೀನ್ ಕಣಗಳನ್ನು ಹಿಡಿಯುತ್ತವೆ ಎಂದು ಯೇಲ್‌ನ ಜೋನ್ ಸ್ಟೈಟ್ಜ್ ಮತ್ತು ಮೈಕೆಲ್ ಲರ್ನರ್ ಕಂಡುಕೊಂಡರು. ಆ ಕಣಗಳಲ್ಲೊಂದರ ಆರ್‌ಎನ್‌ಎ ಯು1. ಅದರ ಮುಂದಿನ ತುದಿಯ ಅಕ್ಷರಗಳು ಇಂಟ್ರಾನಿನ ಆರಂಭದ ಅಕ್ಷರಗಳಿಗೆ ಸರಿಯಾಗಿ ಜೋಡಿಯಾಗುತ್ತವೆ ಎಂಬುದು 1980ರಲ್ಲಿ ಹೊರಬಂತು. ದರ್ಜಿ ಕತ್ತರಿ ಹಾಕುವ ಮೊದಲು ಸೀಮೆಸುಣ್ಣದಲ್ಲಿ ಗುರುತು ಮಾಡುತ್ತಾನಲ್ಲ, ಯು1 ಮಾಡುವುದು ಅದನ್ನೇ. ಬರೀ 164 ಅಕ್ಷರದ ಆರ್‌ಎನ್‌ಎ!

ಆ ಗುರುತು ತಪ್ಪಿದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಗೆ ಅತಿ ಹೆಚ್ಚಾಗಿ ಕಾಣುವ ಬದಲಾವಣೆ ಬೀಟಾ ಗ್ಲೋಬಿನ್ ಜೀನಿನ ಮೊದಲ ಇಂಟ್ರಾನಿನ ಐದನೇ ಅಕ್ಷರದಲ್ಲಿದೆ: ‘ಜಿ’ ಹೋಗಿ ‘ಸಿ’. ಯು1ರ ಹಿಡಿತ ಸಡಿಲವಾಗುತ್ತದೆ, ಕತ್ತರಿ ಬೇರೆಡೆ ಬೀಳುತ್ತದೆ, ಅಪ್ಪ ಅಮ್ಮ ಇಬ್ಬರಿಂದಲೂ ಅದು ಬಂದಿದ್ದರೆ ಮಗುವಿಗೆ ತಿಂಗಳು ತಿಂಗಳು ರಕ್ತ ಕೊಡಿಸುವ ಪಾಡು ಬರುತ್ತದೆ.

ಇದು ಗುರುತು ಬೀಳಬೇಕಾದ ಜಾಗ ಕೆಟ್ಟ ಕಥೆ. ಗುರುತು ಹಾಕಿ ಕತ್ತರಿಸುವ ಆರ್‌ಎನ್‌ಎಗಳೇ ಕೆಟ್ಟರೆ? ಅಂಥದ್ದೊಂದು 2024ರಲ್ಲಿ ಬೆಳಕಿಗೆ ಬಂತು. ಯು1ರ ಜೊತೆ ಕತ್ತರಿ ಕೆಲಸಕ್ಕೆ ಸೇರುವ ಯು4 ಆರ್‌ಎನ್‌ಎಯ ಜೀನು ಆರ್‌ಎನ್‌ಯು4-2. ಉದ್ದ ಸುಮಾರು 145 ಅಕ್ಷರ. ಅದರ 64 ಮತ್ತು 65ನೇ ಅಕ್ಷರಗಳ ನಡುವೆ ಒಂದೇ ಒಂದು ‘ಟಿ’ ಹೆಚ್ಚಾಗಿ ಸೇರಿಕೊಂಡರೆ ಸಾಕು, ಯು4 ಮತ್ತು ಅದರ ಜೊತೆಗಾರ ಆರ್‌ಎನ್‌ಎ ಯು6 ಹೆಣೆದುಕೊಳ್ಳುವ ಜಾಗ ಹದ ತಪ್ಪುತ್ತದೆ. ಮಗುವಿಗೆ ಮಾತು ಬರುವುದಿಲ್ಲ ಅಥವಾ ನಾಲ್ಕು ಮಾತಿಗೆ ನಿಲ್ಲುತ್ತದೆ. ಮೈ ಸಡಿಲ, ಬುದ್ಧಿ ಬೆಳವಣಿಗೆ ಹಿಂದೆ, ಕೆಲವರಿಗೆ ಫಿಟ್ಸ್. ಈಗ ಅದಕ್ಕೆ ರೆನ್ಯೂ ಸಿಂಡ್ರೋಮ್ ಎನ್ನುತ್ತಾರೆ. ಮಿದುಳಿನ ಬೆಳವಣಿಗೆಯ ತೊಂದರೆ ಇರುವವರಲ್ಲಿ ಶೇ. 0.4ರಷ್ಟು ಮಂದಿಗೆ ಇದೇ ಕಾರಣ ಎಂದು ಬ್ರಿಟನ್ನಿನ ಒಂದು ಲಕ್ಷ ಜೀನೋಮ್ ಯೋಜನೆಯ ದತ್ತಾಂಶ ಹೇಳಿತು. ಒಂದೇ ಜೀನಿಗೆ ಇದು ದೊಡ್ಡ ಪಾಲು.

ಇಷ್ಟು ವರ್ಷ ಯಾಕೆ ಸಿಗಲಿಲ್ಲ ಕೇಳು. ಎಕ್ಸೋಮ್ ಟೆಸ್ಟ್ ಪ್ರೋಟೀನ್ ಬರೆಯುವ ಭಾಗಗಳನ್ನಷ್ಟೇ ಹಿಡಿಯುತ್ತದೆ, ಯು4 ಪ್ರೋಟೀನ್ ಬರೆಯುವುದಿಲ್ಲ. ನೀನು ಫೋನಿನಲ್ಲಿ ಬಿಟ್ಟಿದ್ದನ್ನೇ ಯಂತ್ರವೂ ಬಿಟ್ಟಿತ್ತು ನೋಡು!

ಅದಕ್ಕೇ ನನ್ನ ಮಾತು: ರಿಪೋರ್ಟ್ ವಿವರಿಸುವಾಗ ‘ಜೀನಿನಲ್ಲಿ ತೊಂದರೆ ಏನೂ ಇಲ್ಲ’ ಅನ್ನಬೇಡ. ‘ಈ ಟೆಸ್ಟ್ ನೋಡುವ ಭಾಗದಲ್ಲಿ ಕಾರಣ ಸಿಗಲಿಲ್ಲ’ ಅನ್ನು. ಮೊದಲ ಮಾತು ಕೇಳಿದ ತಾಯಿ ಬಸುರಿಯಾಗಿದ್ದಾಗ ತಾನೇನು ತಿಂದೆ, ಎಲ್ಲಿ ಜಾರಿದೆ ಎಂದು ಲೆಕ್ಕ ಹಾಕುತ್ತಾ ಕೂರುತ್ತಾಳೆ. ರೆನ್ಯೂ ಬದಲಾವಣೆ ಬಹುತೇಕ ಮಗುವಿನಲ್ಲೇ ಹೊಸದಾಗಿ ಆದದ್ದು. ಹಾಗಿದ್ದಾಗ ಮುಂದಿನ ಮಗುವಿಗೂ ಬರುವ ಸಂಭವ ತೀರಾ ಕಡಿಮೆ. ಇದನ್ನು ಹೇಳಲು ನಿನಗೆ ಎರಡು ನಿಮಿಷ ಸಾಕು.

ಈ ಆರ್‌ಎನ್‌ಎಗಳ ಕೆಲಸ ಕತ್ತರಿಯಲ್ಲೇ ಮುಗಿಯುವುದಿಲ್ಲ. ಜೀನಿನ ಆರ್‌ಎನ್‌ಎ ಪ್ರತಿಯು ಅರ್ಧಕ್ಕೇ ತುಂಡಾಗದಂತೆಯೂ ಯು1 ಕಾಯುತ್ತದೆ. 7ಎಸ್‌ಕೆ ಎಂಬ ಇನ್ನೊಂದು ಪುಟ್ಟ ಆರ್‌ಎನ್‌ಎ ಜೀನ್ ಓದುವ ವೇಗಕ್ಕೆ ಲಗಾಮು. ಮಕ್ಕಳ ಸ್ನಾಯು ಕುಂದಿಸುವ ಎಸ್‌ಎಂಎ ಕಾಯಿಲೆಯಲ್ಲಿ ಕಡಿಮೆಯಾಗುವ ಎಸ್‌ಎಂಎನ್ ಪ್ರೋಟೀನಿನ ಕೆಲಸವೇ ಯು1, ಯು4ರಂಥವಕ್ಕೆ ಪ್ರೋಟೀನ್ ಬಳೆ ತೊಡಿಸುವುದು. ಆ ಕಾಯಿಲೆಗೆ ಕೊಡುವ ರಿಸ್ಡಿಪ್ಲಾಮ್ ಔಷಧ ಯು1ರ ಹಿಡಿತವನ್ನು ಬಿಗಿ ಮಾಡುತ್ತದೆ. ಉಳಿದದ್ದನ್ನು ನೀನೇ ಓದು.

ನಿಮ್ಮ ವಿಭಾಗದಲ್ಲಿ ಎಕ್ಸೋಮ್ ಮಾಡಿಸಿ ಉತ್ತರ ಸಿಗದೆ ಹೋದ ಮಕ್ಕಳ ಫೈಲುಗಳಿರುತ್ತವೆ. ಮಾತು ಬಾರದ, ಮೈ ಸಡಿಲವಿರುವ ಮಕ್ಕಳದ್ದನ್ನು ಆರಿಸಿ ನಿಮ್ಮ ಮೇಡಂಗೆ ತೋರಿಸು. ಆರ್‌ಎನ್‌ಯು4-2 ಒಂದು ಜೀನನ್ನಷ್ಟೇ ಓದಿಸಲು ದೊಡ್ಡ ಖರ್ಚಿಲ್ಲ. ಪಕ್ಕದಲ್ಲೇ ಅದರ ಅವಳಿಯಂಥ ಆರ್‌ಎನ್‌ಯು4-1 ಇದೆ, ಓದಬೇಕಾದ ಜೀನನ್ನು ಹಿಡಿಯುವ ಪ್ರೈಮರ್ ಆರಿಸುವಾಗ ಹುಷಾರು ಎಂದು ಲ್ಯಾಬಿನವರಿಗೆ ಹೇಳು. ಮೇಡಂ ಏನಂದರು ಅಂತ ಬರಿ. ಅಮ್ಮನ ಕೈಲಿ ಕೋಡುಬಳೆ ಕಳಿಸಿದ್ದೇನೆ, ಹಾಸ್ಟೆಲಿನವರಿಗೂ ಕೊಡು.

ಇತಿ,
ನಿನ್ನ ದೊಡ್ಡಮ್ಮ